ಬೋರ್ಡ್ ದೊಡ್ಡದಾದರೆ ಕಂಪ್ಯೂಟರ್ ಜೋರಾಗುತ್ತದೆಯೇ?

ಮದರ್‌ಬೋರ್ಡ್ ಎಷ್ಟು ದೊಡ್ಡದೋ ಕಂಪ್ಯೂಟರ್ ಅಷ್ಟು ಜೋರು ಎಂದು ನಂಬಿದವರು ಬಹಳ. ಅಳತೆ ಹಿಡಿದು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಬೋರ್ಡಿನ ಅಳತೆ 305 ಮತ್ತು 244 ಮಿ.ಮೀ.; 1997ರ ಮೈಕ್ರೋ ಎಟಿಎಕ್ಸ್‌ಗೆ ಎರಡೂ ಕಡೆ 244. ಕಡಿಮೆಯಾದ 61 ಮಿ.ಮೀ. ಹೋದದ್ದು ಕಾರ್ಡ್ ಸಿಕ್ಕಿಸುವ ಕೆಳಭಾಗದಿಂದ. ಏಳು ಸ್ಲಾಟ್‌ಗಳ ಜಾಗ ನಾಲ್ಕಕ್ಕಿಳಿಯಿತು, ಅಷ್ಟೇ. ಪ್ರೊಸೆಸರ್ ಕೂರುವ ಮೇಲ್ಭಾಗಕ್ಕೆ ಕತ್ತರಿ ಬಿದ್ದಿಲ್ಲ. ಸಿರಿಗೇರಿಯಂಥ ಊರಲ್ಲಿ ಡಿಟಿಪಿ, ಆನ್‌ಲೈನ್ ಅರ್ಜಿ ಎಂದು ಅಂಗಡಿ ಇಡುವವರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದೇ ಅಪರೂಪ. ಮಿಕ್ಕ ಸ್ಲಾಟ್‌ಗಳಲ್ಲಿ ದೂಳು ಕೂರುತ್ತದೆ. ಹಾಗಾದರೆ ದೊಡ್ಡ ಬೋರ್ಡಿಗೆ ಹೆಚ್ಚು ದುಡ್ಡು ಕೇಳುವುದು ಸುಮ್ಮನೆಯೇ? ಸುಮ್ಮನೆ ಅಲ್ಲ. ಸ್ಲಾಟ್‌ಗಳ ಜೊತೆಗೆ, ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗಕ್ಕೆ ದಪ್ಪ ಹೀಟ್‌ಸಿಂಕನ್ನೂ ಅಲ್ಲಿ ಹಲವು ಸಲ ಇಟ್ಟಿರುತ್ತಾರೆ. ಬೇಸಿಗೆ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ತಾಸುಗಟ್ಟಲೆ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಇದು ಲೆಕ್ಕಕ್ಕೆ ಬರುವ ಮಾತೇ. ಆದರೆ ಅದನ್ನು ತೀರ್ಮಾನಿಸುವುದು ಮಾಡೆಲ್, ಗಾತ್ರವಲ್ಲ; ಅಗ್ಗದ ಎಟಿಎಕ್ಸ್‌ಗಿಂತ ಗಟ್ಟಿ ವಿಆರ್‌ಎಂ ಇರುವ ಮೈಕ್ರೋ ಬೋರ್ಡುಗಳೂ ಸಿಗುತ್ತವೆ.

ಜೇಬಿಗೆ ನಿಜವಾಗಿ ಕತ್ತರಿ ಹಾಕುವುದು ಇನ್ನೊಂದು ನಂಬಿಕೆ: ಕೂತರೆ ಹೊಂದಿದಂತೆ. ಇಂಟೆಲ್‌ನ ಏಳನೇ ಮತ್ತು ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳೆರಡೂ ಎಲ್‌ಜಿಎ 1151 ಸಾಕೆಟ್ಟಿನವು. ಎಂಟನೆಯದನ್ನು ಏಳನೆಯದರ ಬೋರ್ಡಿನಲ್ಲಿ ಇಟ್ಟರೆ ಅಲುಗಾಡದೆ ಕೂರುತ್ತದೆ, ಆದರೆ ಕಂಪ್ಯೂಟರ್ ಏಳುವುದಿಲ್ಲ. 2017ರಲ್ಲಿ ಕೆಲವು ಪಿನ್‌ಗಳ ಕೆಲಸವನ್ನೇ ಬದಲಿಸಿದ್ದರು. ರ‍್ಯಾಮ್ ವಿಷಯದಲ್ಲಿ ಇಷ್ಟು ಮೋಸವಿಲ್ಲ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ತಪ್ಪಾದದ್ದು ಒಳಗೆ ಇಳಿಯುವುದೇ ಇಲ್ಲ. ಕ್ಯಾಬಿನೆಟ್ಟಿನದು ಸುಲಭ: ದೊಡ್ಡದರಲ್ಲಿ ಚಿಕ್ಕ ಬೋರ್ಡ್ ಸಾಮಾನ್ಯವಾಗಿ ಕೂರುತ್ತದೆ. ಸ್ಕ್ರೂ ರಂಧ್ರವಿಲ್ಲದ ಕಡೆ ಉಳಿದ ಹಿತ್ತಾಳೆ ಸ್ಟ್ಯಾಂಡ್‌ಆಫ್ ಮಾತ್ರ ಬಿಚ್ಚಿ ತೆಗೆಯಬೇಕು, ಬಿಟ್ಟರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆದೀತು.

ಇಷ್ಟೆಲ್ಲ ನೋಡುವ ಬದಲು ಹೊಸ ಬೋರ್ಡ್ ತಂದರಾಯಿತು ಎನ್ನಬಹುದು. ಬೋರ್ಡ್ ಹೊಸದಾದರೂ ಅದರೊಳಗಿನ ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶ, ಹಳೆಯದಿರಬಹುದು. 2018ರ ಬಿ450 ಬೋರ್ಡಿಗೆ 2020ರ ರೈಜೆನ್ 5000 ಪ್ರೊಸೆಸರ್ ಹಾಕಬೇಕಾದರೆ ಬಯಾಸ್ ಮೊದಲು ಅಪ್‌ಡೇಟ್ ಆಗಿರಬೇಕು. ಕೆಲವು ಬೋರ್ಡುಗಳಲ್ಲಿ ಆ ಕೆಲಸಕ್ಕೆ ಹಳೆಯ ಪ್ರೊಸೆಸರ್ ಕೈಯಲ್ಲಿರಲೇಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವವರು ತಯಾರಕರ ಸಪೋರ್ಟ್ ಪಟ್ಟಿಯಲ್ಲಿ ಪ್ರೊಸೆಸರ್ ಹೆಸರಿನ ಎದುರಿಗಿರುವ ಬಯಾಸ್ ಆವೃತ್ತಿ ನೋಡಿಕೊಂಡು, ಅಂಗಡಿಯಲ್ಲೇ ಅದನ್ನು ಹಾಕಿಸಿ ಪಾರ್ಸೆಲ್ ಮಾಡಿಸುವುದು ಒಳ್ಳೆಯದು.