ಅಂಟಿನ ಮೇಲೆ ನಿಂತ ಕಾರು

1995ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ ಬ್ರಿಟನ್ನಿನ ಲೋಟಸ್ ಕಂಪನಿ ಎರಡೇ ಸೀಟಿನ ಪುಟ್ಟ ಕಾರೊಂದನ್ನು ಜನರ ಮುಂದಿಟ್ಟಿತು. ಹೆಸರು ಎಲೀಸ್. ಅದರ ಫೈಬರ್ ಬಾಡಿಯ ಒಳಗಿದ್ದ ಅಲ್ಯೂಮಿನಿಯಂ ಚಾಸಿಯ ತೂಕ 68 ಕೆ.ಜಿ. ಕಾರು ಓಡಿಸುವವರ ತೂಕವೇ ಅದಕ್ಕಿಂತ ಹೆಚ್ಚಿದ್ದೀತು. ಇಬ್ಬರು ಎರಡು ಕಡೆ ಹಿಡಿದು ಎತ್ತಿ ಒಯ್ಯಬಹುದು. ಅದರ ಭಾಗಗಳನ್ನು ಒಂದಕ್ಕೊಂದು ಕೂಡಿಸಿದ್ದು ವೆಲ್ಡಿಂಗಿನಿಂದಲ್ಲ, ಅಂಟಿನಿಂದ.

ಅಲ್ಯೂಮಿನಿಯಂ ಅಂದಮೇಲೆ ಹಗುರ ಇರಲೇಬೇಕಲ್ಲ, ಅದರಲ್ಲೇನು ವಿಶೇಷ ಎಂದು ಯಾರಿಗಾದರೂ ಅನ್ನಿಸಬಹುದು. ಲೆಕ್ಕ ಅಷ್ಟು ಸಲೀಸಲ್ಲ. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗಿದರೆ ಅಲ್ಯೂಮಿನಿಯಂ ತೂಗುವುದು 2.7 ಗ್ರಾಂ, ಸುಮಾರು ಮೂರನೇ ಒಂದು ಪಾಲು. ಆದರೆ ಭಾರ ಹೇರಿದಾಗ ಮಣಿಯದೆ ನಿಲ್ಲುವ ಬಿಗಿಯೂ ಉಕ್ಕಿನ ಮೂರನೇ ಒಂದು ಪಾಲೇ. ಉಕ್ಕಿನ ಚಾಸಿಯ ನಕ್ಷೆಯನ್ನು ಹಾಗೇ ಇಟ್ಟುಕೊಂಡು, ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆ ಹಾಕಿದರೆ ತಿರುವಿನಲ್ಲಿ ನುಲಿಯುವ ಕಾರು ಸಿಗುತ್ತದೆ. ನುಲಿಯದಂತೆ ಮಾಡಲು ಕೊಳವೆಯ ಗೋಡೆಯನ್ನು ಮೂರು ಪಟ್ಟು ದಪ್ಪ ಮಾಡಿದರೆ, ಉಳಿಸಿದ ತೂಕವೆಲ್ಲ ವಾಪಸು ಬಂದು ಕೂರುತ್ತದೆ.

ದಾರಿ ಇರುವುದು ಲೋಹದಲ್ಲಲ್ಲ, ಆಕಾರದಲ್ಲಿ. ಗೋಡೆಯ ದಪ್ಪವನ್ನು ಹಾಗೇ ಇಟ್ಟು ಕೊಳವೆಯ ಅಗಲವನ್ನು ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟಾಗುತ್ತದೆ, ಬಾಗದೆ ನಿಲ್ಲುವ ಗುಣ ಮಾತ್ರ ಹತ್ತಿರ ಹತ್ತಿರ ಎಂಟು ಪಟ್ಟಾಗುತ್ತದೆ. ಹಾಗಾಗಿ ಅಲ್ಯೂಮಿನಿಯಂನಲ್ಲಿ ಚಾಸಿ ಕಟ್ಟುವವರು ಬೇಕೆನ್ನುವುದು ದೊಡ್ಡ ಪೆಟ್ಟಿಗೆಯಂಥ ತೊಲೆ, ತೆಳ್ಳಗಿನ ಗೋಡೆ. ಎಷ್ಟು ತೆಳ್ಳಗೆ ಹೋಗಬಹುದು? ಉತ್ತರ ಕೊಡುವುದು ಕೊಳವೆಯಲ್ಲ, ಎರಡು ಕೊಳವೆ ಕೂಡುವ ಜಾಗ. ವೆಲ್ಡಿಂಗ್ ಶಾಖ ತಗುಲಿದ ಕಡೆ ಹದಮಾಡಿದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ತೆಳು ಗೋಡೆ ಸೊಟ್ಟಗಾಗುತ್ತದೆ. ಆ ನಷ್ಟ ತುಂಬಲು ಕೊಳವೆಯನ್ನು ಉದ್ದಕ್ಕೂ ದಪ್ಪ ಇಡಬೇಕಾಗುತ್ತದೆ. ನಾಲ್ಕು ಬೆರಳಗಲದ ಬೆಸುಗೆಗಾಗಿ ನಾಲ್ಕಡಿ ಕೊಳವೆ ತೂಕ ಹೊರಬೇಕು.

ಲೋಟಸ್‌ಗೆ ತೂಕದ ಮೇಲಿನ ಹಗೆ ಹಳೆಯದು. ಸ್ಥಾಪಕ ಕಾಲಿನ್ ಚಾಪ್‌ಮನ್ 1957ರ ಸೆವೆನ್ ಕಾರನ್ನು ಸಪೂರ ಉಕ್ಕಿನ ಕೊಳವೆಗಳ ಗೂಡಿನ ಮೇಲೆ ನಿಲ್ಲಿಸಿದ್ದರು. 1962ರಲ್ಲಿ ಅವರ ಲೋಟಸ್ 25 ರೇಸ್ ಕಾರು ಕೊಳವೆಯ ಗೂಡನ್ನೇ ಬಿಟ್ಟು, ಅಲ್ಯೂಮಿನಿಯಂ ತಗಡಿನ ಒಡಲೇ ಭಾರ ಹೊರುವಂತೆ ಮಾಡಿ ಫಾರ್ಮುಲಾ ಒನ್‌ನ ನಡೆಯನ್ನೇ ಬದಲಿಸಿತು. 1982ರಲ್ಲಿ ಚಾಪ್‌ಮನ್ ತೀರಿಕೊಂಡ ಮೇಲೆ ಕಂಪನಿ ಕೈಯಿಂದ ಕೈಗೆ ದಾಟಿತು. ಜನರಲ್ ಮೋಟಾರ್ಸ್ ಒಡೆತನದಲ್ಲಿ 1989ರಲ್ಲಿ ಬಂದ ಹೊಸ ಎಲಾನ್ ಮುಂದಿನ ಚಕ್ರಗಳಿಂದ ಓಡುವ, ಚೆನ್ನಾಗಿ ಕಟ್ಟಿದ ಕಾರಾಗಿತ್ತು. ಆದರೆ ಮಾಡುವ ಖರ್ಚು ಗಿಟ್ಟಲಿಲ್ಲ, 1992ರಲ್ಲಿ ನಿಲ್ಲಿಸಿಬಿಟ್ಟರು. ಮರುವರ್ಷ ಬುಗಾಟಿಯ ಮಾಲೀಕ, ಇಟಲಿಯ ರೊಮಾನೊ ಆರ್ಟಿಯೋಲಿ ಲೋಟಸ್ಸನ್ನು ಕೊಂಡರು. ಟೈಪ್ 111 ಎಂಬ ಯೋಜನೆ ಶುರುವಾದದ್ದು ಆಗ. ಮುಂದೆ ಆ ಕಾರಿಗೆ ಅವರ ಮೊಮ್ಮಗಳು ಎಲಿಸಾಳ ಹೆಸರೇ ಬಂತು.

ಲೋಟಸ್ ಕೈಯಲ್ಲಿ ಹೆಚ್ಚು ಕಾಸಿರಲಿಲ್ಲ ಎನ್ನುವುದನ್ನು ಈ ಕಥೆಯಲ್ಲಿ ಮರೆಯಬಾರದು. ಲಕ್ಷಗಟ್ಟಲೆ ಕಾರು ಮಾಡುವ ಕಂಪನಿ ಉಕ್ಕಿನ ತಗಡನ್ನು ಭಾರಿ ಪ್ರೆಸ್ಸಿನಲ್ಲಿ ಒತ್ತಿ ಆಕಾರ ಕೊಡುತ್ತದೆ. ಒಂದೊಂದು ಅಚ್ಚಿಗೂ ಕಣ್ಣು ಬಿಡುವಷ್ಟು ದುಡ್ಡು. ವರ್ಷಕ್ಕೆ ಕೆಲವೇ ಕಾರು ಮಾರುವವರಿಗೆ ಅದು ಆಗದ ಮಾತು. ಎಕ್ಸ್‌ಟ್ರೂಷನ್ ವಿಧಾನಕ್ಕೆ ಬೇಕಾದ ಡೈ, ಅಂದರೆ ತೂತು ಕೊರೆದ ಅಚ್ಚು, ಅದರ ಮುಂದೆ ತೀರಾ ಅಗ್ಗ. ಕಾಯಿಸಿದ ಅಲ್ಯೂಮಿನಿಯಂ ದಿಮ್ಮಿಯನ್ನು ಡೈ ಮೂಲಕ ತಳ್ಳಿದರೆ, ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದು ಬರುವ ಹಾಗೆ ತೂತಿನ ಆಕಾರವನ್ನೇ ಹೊತ್ತ ಉದ್ದನೆಯ ತೊಲೆ ಹೊರಬರುತ್ತದೆ. ನಮ್ಮ ಮನೆಗಳ ಸ್ಲೈಡಿಂಗ್ ಕಿಟಕಿಗೆ ಬಳಸುವ ಅಲ್ಯೂಮಿನಿಯಂ ಸೆಕ್ಷನ್ ತಯಾರಾಗುವುದೂ ಹೀಗೆಯೇ. ತೊಲೆಯ ಒಳಗೆ ಅಡ್ಡಗೋಡೆ ಬೇಕೆ, ಅಂಚಿನಲ್ಲಿ ತೋಡು ಬೇಕೆ, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಬೇಕೆ, ಎಲ್ಲವನ್ನೂ ಡೈಯಲ್ಲೇ ಕೊರೆದುಬಿಡಬಹುದು. ಈ ಬಡತನ ಇಲ್ಲದೆ ಹೋಗಿದ್ದರೆ ಈ ಚಾಸಿ ಹುಟ್ಟುತ್ತಿತ್ತೇ ಎನ್ನುವುದು ನನಗೆ ಅನುಮಾನ.

ಚಾಸಿಯ ಹೊಣೆ ಎಂಜಿನಿಯರ್ ರಿಚರ್ಡ್ ರ‍್ಯಾಕಮ್ ಅವರದು, ಹೊರಗಿನ ರೂಪ ಜೂಲಿಯನ್ ಥಾಮ್ಸನ್ ಅವರದು. ಇಬ್ಬರೂ ಡುಕಾಟಿ ಬೈಕುಗಳ ಮೋಹಿಗಳು. ಬೈಕಿನಲ್ಲಿ ಫ್ರೇಮು, ಎಂಜಿನ್ನು, ಸರಳು ಎಲ್ಲ ಹೊರಗೇ ಕಾಣುತ್ತದೆ, ಯಾವುದನ್ನೂ ಮುಚ್ಚಿಡುವ ಗೋಜಿಲ್ಲ. ಆ ಗುಣ ಕಾರಿನೊಳಗೂ ಬಂತು. ಎಲೀಸ್‌ನ ಬಾಗಿಲು ತೆಗೆದರೆ ಕಾಣುವುದು ಬರಿಯ ಅಲ್ಯೂಮಿನಿಯಂ ತೊಲೆ, ಬರಿಯ ಅಲ್ಯೂಮಿನಿಯಂ ನೆಲ. ಕಾಲಡಿಯ ಪೆಡಲುಗಳೂ ಎಕ್ಸ್‌ಟ್ರೂಷನ್ನಿನಿಂದ ಕೊಯ್ದು ತೆಗೆದ ತುಂಡುಗಳೇ.

ಅಂಟಿನ ಎಳೆ ಹಿಡಿದು ಹೋದರೆ ಇನ್ನೂ ಹಿಂದಕ್ಕೆ ತಲುಪುತ್ತೇವೆ. ಕೇಂಬ್ರಿಜ್ ಹತ್ತಿರದ ಡಕ್ಸ್‌ಫರ್ಡ್ ಹಳ್ಳಿಯಲ್ಲಿ ನಾರ್ಮನ್ ಡಿ ಬ್ರುಯ್ನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಏರೋ ರಿಸರ್ಚ್ ಎಂಬ ಸಂಸ್ಥೆ ಕಟ್ಟಿದ್ದರು. ಎರಡನೇ ಮಹಾಯುದ್ಧದ ನಡುವೆ ಅಲ್ಲಿ ರಿಡಕ್ಸ್ ಎಂಬ ಅಂಟು ತಯಾರಾಯಿತು. ಲೋಹಕ್ಕೆ ಲೋಹವನ್ನು, ವಿಮಾನದ ಭಾರ ಹೊರುವಷ್ಟು ಗಟ್ಟಿಯಾಗಿ ಕಚ್ಚಿಸಬಲ್ಲ ಅಂಟುಗಳಲ್ಲಿ ಅದು ಮೊದಲಿನದು. ಡಿ ಹ್ಯಾವಿಲೆಂಡ್ ಕಂಪನಿ ಅದನ್ನು ಹಾರ್ನೆಟ್ ಯುದ್ಧವಿಮಾನದಲ್ಲಿ, ಆಮೇಲೆ ಕಾಮೆಟ್ ಪ್ರಯಾಣಿಕ ಜೆಟ್‌ನಲ್ಲಿ ಬಳಸಿತು. ಅಂಟು ಹಾಕಿ ವಿಮಾನ ಕಟ್ಟುವುದು ಬೆಂಗಳೂರಿಗೂ ಹೊಸದಲ್ಲ. ಅದೇ ಡಿ ಹ್ಯಾವಿಲೆಂಡ್‌ನ ವ್ಯಾಂಪೈರ್ ಜೆಟ್ಟನ್ನು 1950ರ ದಶಕದಲ್ಲಿ ಎಚ್‌ಎಎಲ್ ಲೈಸೆನ್ಸ್ ಮೇಲೆ ಇಲ್ಲಿ ಕಟ್ಟುತ್ತಿತ್ತು. ಅದರ ಮುಂದಿನ ಒಡಲು ಪ್ಲೈವುಡ್ ಪದರಗಳನ್ನು ಅಂಟಿಸಿ ಮಾಡಿದ್ದು. ಡಕ್ಸ್‌ಫರ್ಡ್ ಸಂಸ್ಥೆ 1940ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಪಾಲಾಯಿತು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಟ್ಯೂಬಿನಲ್ಲಿ ಸಿಗುವ ಅರಾಲ್ಡೈಟ್ ಅದೇ ಮನೆತನದ್ದು. ಎಲೀಸ್‌ಗೆ ಎಪಾಕ್ಸಿ ಅಂಟು ಬಂದದ್ದೂ ಸೀಬಾದಿಂದಲೇ. ಇನ್ನು ಲೋಟಸ್ 1966ರಿಂದ ನೆಲೆಯೂರಿದ ನಾರ್ಫೋಕ್‌ನ ಹೆಥೆಲ್ ಕೂಡ ಯುದ್ಧಕಾಲದ ವಿಮಾನ ನೆಲೆ, ಅಮೆರಿಕದ ಲಿಬರೇಟರ್ ಬಾಂಬರುಗಳು ಏರುತ್ತಿದ್ದ ಜಾಗ.

ಅಂಟಿಗೆ ಒಂದು ಸ್ವಭಾವ ಇದೆ. ಎರಡು ಪದರ ಒಂದರ ಮೇಲೊಂದು ಜಾರಲು ಹೊರಟರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಆದರೆ ಒಂದು ತುದಿ ಹಿಡಿದು ಸುಲಿಯತೊಡಗಿದರೆ ಸರಸರನೆ ಬಿಟ್ಟುಕೊಡುತ್ತದೆ. ಚಾಸಿಯ ಇಡೀ ನಕ್ಷೆ ಈ ಒಂದು ಗುಣಕ್ಕೆ ಬಗ್ಗಿ ನಡೆದಿದೆ ಎಂದರೆ ತಪ್ಪಿಲ್ಲ. ಕೂಡುವ ಜಾಗಗಳೆಲ್ಲ ಅಗಲವಾಗಿ ಒಂದರ ಮೇಲೊಂದು ಹಾಸಿಕೊಳ್ಳಬೇಕು, ಬಲ ಬಿದ್ದಾಗ ಅಂಟು ಜಾರಿಕೆಯನ್ನೇ ಎದುರಿಸುವಂತಿರಬೇಕು. ಅಪಘಾತದಲ್ಲಿ ಮಾತ್ರ ಬಲ ಯಾವ ಕಡೆಯಿಂದ ಬರುತ್ತದೆಂದು ಹೇಳಲಾಗದು. ಅಲ್ಲಿ ಸುಲಿತ ಶುರುವಾಗದಂತೆ ತಡೆಯಲು ಕೀಲುಗಳಿಗೆ ತಾವೇ ತೂತು ಕೊರೆದುಕೊಂಡು ಕೂರುವ ಸ್ಕ್ರೂಗಳನ್ನು ಹಾಕಿದರು. ಭಾರ ಹೊರುವುದು ಅಂಟು, ಸ್ಕ್ರೂ ಇರುವುದು ಕಾವಲಿಗೆ.

ಅಂಟು ಹಚ್ಚುವ ಮೊದಲಿನ ಕೆಲಸವೇ ದೊಡ್ಡದು. ಅಲ್ಯೂಮಿನಿಯಂ ಗಾಳಿ ಸೋಕಿದ ಕ್ಷಣವೇ ಮೇಲೆ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಅಂಟು ಹಿಡಿಯುವುದು ಲೋಹವನ್ನಲ್ಲ, ಆ ಪೊರೆಯನ್ನು. ಪೊರೆ ದುರ್ಬಲವಾದರೆ ಎಂಥ ಅಂಟೂ ವರ್ಷಗಟ್ಟಲೆ ತೇವಕ್ಕೆ ಸಿಕ್ಕಿ ಕೆಳಗಿನಿಂದ ಸಡಿಲವಾಗುತ್ತದೆ. ಆದ್ದರಿಂದ ತುಂಡುಗಳ ಜಿಡ್ಡು ತೆಗೆದು, ಆನೊಡೈಸ್ ತೊಟ್ಟಿಯಲ್ಲಿ ಮುಳುಗಿಸಿ, ನಂಬಬಹುದಾದ ಪೊರೆಯನ್ನು ಬೇಕೆಂದೇ ಬೆಳೆಸಬೇಕು. ಆಮೇಲೆ ಅಂಟು, ಜೋಡಣೆ, ಕೊನೆಗೆ ಇಡೀ ಚಾಸಿಯನ್ನು ಒಲೆಯೊಳಗೆ ನೂಕಿ ಅಂಟನ್ನು ಗಟ್ಟಿ ಮಾಡುವುದು. ಈ ಕೆಲಸವೆಲ್ಲ ನಡೆದದ್ದು ಲೋಟಸ್‌ನಲ್ಲಲ್ಲ. ಡೆನ್ಮಾರ್ಕಿನ ಟೋನ್‌ಡರ್ ಪಟ್ಟಣದ ಹೈಡ್ರೋ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಸಿದ್ಧವಾದ ಚಾಸಿಗಳು ಸಮುದ್ರ ದಾಟಿ ಹೆಥೆಲ್‌ಗೆ ಬರುತ್ತಿದ್ದವು.

ಫಲವಾಗಿ ಗೋಡೆಯ ದಪ್ಪವನ್ನು ಕೆಲವು ಕಡೆ 1.5 ಮಿ.ಮೀ.ವರೆಗೆ ಇಳಿಸಲು ಆಯಿತು. ಬೆಸುಗೆಯಲ್ಲಿ ಇದು ಕಷ್ಟವಿತ್ತು ಎನ್ನುವುದಕ್ಕೆ ಅದೇ ಕಾಲದ ರೆನೋ ಸ್ಪೋರ್ಟ್ ಸ್ಪೈಡರ್ ಕಣ್ಣೆದುರಿಗಿದೆ. ಅದೂ ಎರಡು ಸೀಟಿನ ತೆರೆದ ಕಾರು, ಅದರದೂ ಅಲ್ಯೂಮಿನಿಯಂ ಚಾಸಿ, ಆದರೆ ವೆಲ್ಡ್ ಮಾಡಿದ್ದು. ಕಾರಿನ ತೂಕ ಸುಮಾರು 930 ಕೆ.ಜಿ. ಎಲೀಸ್ ಸುಮಾರು 725. ವ್ಯತ್ಯಾಸವನ್ನೆಲ್ಲ ಬೆಸುಗೆಯ ತಲೆಗೇ ಕಟ್ಟುವುದು ನ್ಯಾಯವಲ್ಲ, ಎರಡು ಕಾರುಗಳ ಕಟ್ಟಡ ಬೇರೆ ಬೇರೆ. ಆದರೂ ಅಂಕಿ ಅಂಕಿಯೇ.

ಒಂದು ಕಡೆ ಕಳೆದ ಕಿಲೋ ಇನ್ನೊಂದು ಕಡೆಯೂ ಕಿಲೋ ಕಳೆಯುತ್ತದೆ. ಚಾಸಿ ಹಗುರಾದರೆ ಸ್ಪ್ರಿಂಗು, ಬ್ರೇಕು, ಟೈರು ಎಲ್ಲವೂ ಚಿಕ್ಕದಾಗಬಹುದು. ಎಲೀಸ್‌ಗೆ ರೋವರ್‌ನ 1.8 ಲೀಟರ್ ಎಂಜಿನ್ ಸಾಕಾಯಿತು, ಶಕ್ತಿ 118 ಅಶ್ವಶಕ್ತಿ. ಪವರ್ ಸ್ಟೀರಿಂಗ್ ಬೇಕಾಗಲಿಲ್ಲ, ಬ್ರೇಕಿಗೆ ಬೂಸ್ಟರ್ ಕೂಡ ಇರಲಿಲ್ಲ. ನಮ್ಮ ಹಳೆಯ ಮಾರುತಿ 800 ಸುಮಾರು 650 ಕೆ.ಜಿ. ತೂಗುತ್ತಿತ್ತು. ಅದಕ್ಕಿಂತ ಒಬ್ಬ ಪ್ರಯಾಣಿಕನಷ್ಟೇ ಭಾರವಾದ ಕಾರಿಗೆ ಮೂರು ಪಟ್ಟು ಶಕ್ತಿ ಎಂದರೆ ಓಟ ಹೇಗಿದ್ದೀತೆಂದು ಊಹಿಸಿಕೊಳ್ಳಿ.

ಅಂದುಕೊಂಡದ್ದೆಲ್ಲ ಕೈಗೂಡಲಿಲ್ಲ. ಮೊದಮೊದಲ ಕಾರುಗಳಿಗೆ ಲ್ಯಾಂಕ್ಸೈಡ್ ಎಂಬ ಕಂಪನಿ ಮಾಡಿದ, ಪಿಂಗಾಣಿ ಕಣ ಬೆರೆಸಿದ ಅಲ್ಯೂಮಿನಿಯಂ ಬ್ರೇಕ್ ಡಿಸ್ಕ್ ಹಾಕಿದ್ದರು. ಆ ಬಳಕೆ ಹೆಚ್ಚು ಕಾಲ ನಡೆಯದೆ ಎರಕದ ಕಬ್ಬಿಣಕ್ಕೇ ಮರಳಬೇಕಾಯಿತು. ಚಾಸಿಯ ಹಿಂತುದಿಯ ಸಬ್‌ಫ್ರೇಮು, ತಲೆಯ ಹಿಂದಿನ ರೋಲ್ ಬಾರ್ ಮೊದಲಿನಿಂದಲೂ ಉಕ್ಕಿನವು. ಅಲ್ಯೂಮಿನಿಯಂ ಭಕ್ತಿ ಅಲ್ಲಿಗೆ ಬಂದು ನಿಂತಿದೆ, ನಿಲ್ಲಿಸಿದ್ದು ಜಾಣತನ. ಇನ್ನು ಎರಡು ಬದಿಯ ಎತ್ತರದ ತೊಲೆಗಳು. ಕಾರು ನುಲಿಯದಂತೆ ಹಿಡಿದಿರುವವು ಅವೇ, ಒಳಗೆ ಹೋಗಲು ಬಿಡದವೂ ಅವೇ. ಮೇಲಿನ ಹುಡ್ ಹಾಕಿದ್ದರೆ ಎಲೀಸ್‌ನೊಳಗೆ ಇಳಿಯಲು ಯೋಗಾಸನ ಕಲಿತಿರಬೇಕು. 2000ದಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಬಾಗಿಲ ಬಳಿ ತೊಲೆಯನ್ನು ಕೊಂಚ ತಗ್ಗಿಸಿದರು.

ಆ ಹೊತ್ತಿಗೆ ಲೋಟಸ್ ಆರ್ಟಿಯೋಲಿಯವರ ಕೈಯಲ್ಲಿರಲಿಲ್ಲ. ಎಲೀಸ್ ಮೇಳಕ್ಕೆ ಬಂದ ತಿಂಗಳೇ ಅವರ ಬುಗಾಟಿ ದಿವಾಳಿಯಾಗಿತ್ತು, 1996ರಲ್ಲಿ ಮಲೇಷ್ಯಾದ ಪ್ರೋಟಾನ್ ಲೋಟಸ್ಸನ್ನು ಕೊಂಡಿತ್ತು. ಚಾಸಿ ಮಾತ್ರ ಮಾಲೀಕರನ್ನು ಮೀರಿ ಓಡಿತು. ಓಪೆಲ್ ಸ್ಪೀಡ್‌ಸ್ಟರ್ ಅದರ ಮೇಲೆ ಬಂತು. 2001ರ ಆಸ್ಟನ್ ಮಾರ್ಟಿನ್ ವ್ಯಾಂಕ್ವಿಷ್‌ನಲ್ಲಿ ಅಂಟಿಸಿದ ಅಲ್ಯೂಮಿನಿಯಂ ಕಟ್ಟಡ ಕಾಣಿಸಿಕೊಂಡಿತು. 2008ರಲ್ಲಿ ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್, ಎಲೀಸ್ ಚಾಸಿಯನ್ನು ಉದ್ದ ಮಾಡಿ, ತೊಲೆ ತಗ್ಗಿಸಿ, ಬೆನ್ನಿಗೆ ಸುಮಾರು 450 ಕೆ.ಜಿ. ಬ್ಯಾಟರಿ ಹೇರಿಕೊಂಡು ಹೊರಟಿತು. ತೂಕ ಇಳಿಸಲೆಂದೇ ಹುಟ್ಟಿದ ಚಾಸಿಗೆ ಇಂಥ ಹೊರೆ! 2018ರ ಫೆಬ್ರುವರಿಯಲ್ಲಿ ಸ್ಪೇಸ್‌ಎಕ್ಸ್ ತನ್ನ ಫಾಲ್ಕನ್ ಹೆವಿ ರಾಕೆಟ್‌ನಲ್ಲಿ ಅಂಥದೊಂದು ರೋಡ್‌ಸ್ಟರನ್ನು ಹಾರಿಸಿದ್ದು ನೆನಪಿರಬಹುದು, ಅದು ಈಗ ಸೂರ್ಯನನ್ನು ಸುತ್ತುತ್ತಿದೆ. 2021ರ ಕೊನೆಗೆ ನಿಲ್ಲುವ ಹೊತ್ತಿಗೆ ಎಲೀಸ್‌ಗಳ ಸಂಖ್ಯೆ 35,000 ದಾಟಿತ್ತು. ಅದರ ನಂತರ ಬಂದ ಎಮಿರಾದ ಚಾಸಿಯೂ ಅಂಟಿಸಿದ ಎಕ್ಸ್‌ಟ್ರೂಷನ್ನೇ.

ಅಂಟಿನ ಜೋಡಣೆಗೆ ಬೆಲೆ ತೆರುವವರು ಕಾರು ಗುದ್ದಿಕೊಂಡವರು. ಉಕ್ಕಿನ ಚಾಸಿಯನ್ನು ಎಳೆದು, ಕಾಯಿಸಿ, ತುಂಡು ಸೇರಿಸಿ ನೇರ ಮಾಡುವ ಕೈಗಳು ಯಾವ ಊರಿನಲ್ಲೂ ಸಿಗುತ್ತವೆ. ಅಂಟಿನ ಚಾಸಿಯ ತೊಲೆ ಬಾಗಿದರೆ ಕಾಯಿಸುವಂತಿಲ್ಲ, ಕಾಯಿಸಿದರೆ ಅಂಟು ಹೋಯಿತು. ಸಾಮಾನ್ಯವಾಗಿ ಚಾಸಿಯನ್ನೇ ಬದಲಿಸಬೇಕು, ಇಲ್ಲವೇ ವಿಮೆಯವರು ಕಾರನ್ನೇ ಗುಜರಿಗೆ ಬರೆಯುತ್ತಾರೆ.

ಸ್ವಂತಕ್ಕೊಂದು ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುವ ಹಂಬಲದವರು ಎಲೀಸ್ ನೋಡಿ ಅಲ್ಯೂಮಿನಿಯಂ ಕಡೆ ತಿರುಗುವುದುಂಟು. ಕಿಟಕಿಗೆಂದು ಮಾರುವ ಸೆಕ್ಷನ್ ಮೃದು ಮಿಶ್ರಲೋಹ, ಚಾಸಿಗೆ ಆಗದು. ಸರಿಯಾದ ಮಿಶ್ರಲೋಹ ತಂದರೂ ಆನೊಡೈಸ್ ತೊಟ್ಟಿ, ಕಾರು ಹಿಡಿಸುವ ಒಲೆ ಯಾರ ಹಿತ್ತಲಲ್ಲಿದೆ? ಎಲೀಸ್ ಉತ್ಪಾದನೆ ಶುರುವಾದ 1996ರಲ್ಲೇ ಇಂಗ್ಲೆಂಡಿನ ಶಾಲಾ ಮೇಷ್ಟ್ರು ರಾನ್ ಚಾಂಪಿಯನ್ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದರು. ಅವರು ಹೇಳಿದ ಸಾಮಗ್ರಿ ಚೌಕಾಕಾರದ ಉಕ್ಕಿನ ಕೊಳವೆ, ಕಟ್ಟುವ ವಿಧಾನ ಮಾಮೂಲು ವೆಲ್ಡಿಂಗ್. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಹುಡುಗಿಯರು ತಾವೇ ಕಟ್ಟಿದ ಕಾರು ಒಯ್ಯುತ್ತಾರಲ್ಲ, ಅವರಲ್ಲೂ ಹೆಚ್ಚಿನವರು ಹಿಡಿಯುವುದು ಈ ದಾರಿಯನ್ನೇ. ಸ್ಪರ್ಧೆಯ ನಿಯಮದಂತೆ ಅಲ್ಯೂಮಿನಿಯಂ ಹಾಕುವ ತಂಡ ಅದು ಉಕ್ಕಿಗೆ ಸಮ ಎಂದು ಲೆಕ್ಕ ಹಾಕಿ ತೋರಿಸಬೇಕು, ಬೆಸುಗೆಯ ಬಳಿ ಕಳೆದುಹೋಗುವ ಬಲವನ್ನೂ ಆ ಲೆಕ್ಕಕ್ಕೆ ಹಿಡಿಯಬೇಕು. ಚಾಲಕನ ಹಿಂದೆ ನಿಲ್ಲುವ ಮುಖ್ಯ ರೋಲ್ ಹೂಪ್ ಅಂತೂ ಉಕ್ಕಿನದೇ ಆಗಿರಬೇಕು.