ದ್ರಾಕ್ಷಿಯ ಮೇಲಿನ ಬಿಳಿ ಪುಡಿ ವಿಷವೇ?



ಫೆಬ್ರವರಿ ಬಂತೆಂದರೆ ಪುಣೆ, ಮುಂಬೈ, ಹೈದರಾಬಾದಿನ ಕೈಗಾಡಿಗಳ ತುಂಬ ದ್ರಾಕ್ಷಿ. ಅದರ ಹಿಂದೆಯೇ ನಮ್ಮ ಗುಂಪುಗಳಿಗೆ ಒಂದು ವಿಡಿಯೋ ಬರುತ್ತದೆ. ಯಾರೋ ದ್ರಾಕ್ಷಿಯ ಮೇಲಿನ ಬಿಳಿ ಪುಡಿಯನ್ನು ಬೆರಳಿನಿಂದ ಒರೆಸಿ ತೋರಿಸಿ, ಇದೇ ಕೀಟನಾಶಕ, ಮಕ್ಕಳಿಗೆ ಕೊಡಬೇಡಿ ಅನ್ನುತ್ತಾರೆ. ನೀವೂ ನೋಡಿರುತ್ತೀರಿ.

ಹಣ್ಣಿನ ಮೇಲೆ ಒಂದೇ ಸಮನಾಗಿ ಹರಡಿದ ಆ ತೆಳು ಬಿಳಿ ಪದರ ದ್ರಾಕ್ಷಿಯದೇ ಮೇಣ. ಒಳಗಿನ ನೀರು ಆರದಂತೆ ಕಾಯಲು ಅದು ಸಿಪ್ಪೆಯ ಮೇಲೆ ತಾನಾಗಿ ಬರುತ್ತದೆ. ಹೆದರಬೇಕಾದದ್ದು ಇದ್ದರೆ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಬೆಳೆಗೆ ಮಿತಿಯನ್ನೇ ಗೊತ್ತುಮಾಡದ ಕೀಟನಾಶಕಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಣ್ಣು ತರಕಾರಿಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ಒಂದು ಟನ್ ದ್ರಾಕ್ಷಿಯಲ್ಲಿ 10 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ತೂಗುತ್ತದೆ.

ಇಷ್ಟು ಸಣ್ಣದನ್ನು ಹುಡುಕುವುದು ಹೇಗೆ? ಇದಕ್ಕೇ ತಮ್ಮ ವೃತ್ತಿಯನ್ನು ಮುಡಿಪಾಗಿಟ್ಟ ಒಬ್ಬ ವಿಜ್ಞಾನಿಯ ಕಥೆ ಕೇಳಿ. ಹೆಸರು ಮಿಕೆಲಾಂಜೆಲೊ ಅನಸ್ತಾಸಿಯಾಡೆಸ್, ಜರ್ಮನಿಯ ಸ್ಟುಟ್‌ಗಾರ್ಟ್ ಬಳಿಯ ಸರ್ಕಾರಿ ಪ್ರಯೋಗಾಲಯದವರು. ಮೊದಲೆಲ್ಲ ಒಂದು ಹಣ್ಣಿನ ಪರೀಕ್ಷೆಗೆ ರಾಶಿ ಗಾಜಿನ ಸಾಮಾನು, ಬಾಟಲಿಗಟ್ಟಲೆ ದ್ರಾವಕ, ಗಂಟೆಗಟ್ಟಲೆ ಕೆಲಸ ಬೇಕಿತ್ತು. ಖರ್ಚು ಹೆಚ್ಚಾದಷ್ಟೂ ಪರೀಕ್ಷೆ ಮಾಡುವುದು ಕಡಿಮೆ. ಇವರು ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಸ್ಟೀವನ್ ಲೆಹೊಟೆ ಮತ್ತು ಇತರರ ಜೊತೆ ಸೇರಿ ಹೊಸ ವಿಧಾನ ಕಂಡುಕೊಂಡು 2003ರಲ್ಲಿ ಪ್ರಕಟಿಸಿದರು.

ನೋಡಿದರೆ ನಮ್ಮ ಅಡುಗೆಮನೆ ಕೆಲಸದ ಹಾಗೇ ಇದೆ. ಹಣ್ಣನ್ನು ಚಟ್ನಿಯಂತೆ ನುಣ್ಣಗೆ ರುಬ್ಬಬೇಕು. ಅದರಲ್ಲಿ 10 ಗ್ರಾಂ ಕೊಳವೆಗೆ ಹಾಕಿ, 10 ಮಿಲಿಲೀಟರ್ ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದು ಒಂದು ನಿಮಿಷ ಕುಲುಕಬೇಕು. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಹಾಕಿ ಮತ್ತೆ ಕುಲುಕಬೇಕು. ಕೊಳವೆ ಕೈಗೆ ಬೆಚ್ಚಗಾಗುತ್ತದೆ. ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಹಣ್ಣಿನ ನೀರು ಕೆಳಗೆ, ದ್ರಾವಕ ಮೇಲೆ. ಕೀಟನಾಶಕದ ಉಳಿಕೆ ದ್ರಾವಕದ ಜೊತೆ ಮೇಲೆ ಬಂದಿರುತ್ತದೆ. ಅದನ್ನು ಇನ್ನಷ್ಟು ಶುದ್ಧಮಾಡಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ನೂರಾರು ರಾಸಾಯನಿಕಗಳನ್ನು ಒಂದೇ ಸಲಕ್ಕೆ ಹುಡುಕಬಹುದು. ಇದಕ್ಕೆ 'ಕ್ಯಾಚರ್ಸ್' ಎಂದು ಹೆಸರು. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಇದನ್ನೇ ಬಳಸುತ್ತವೆ.

ಆದರೆ ಪರೀಕ್ಷೆಗೆ ಹುಡುಕಿದ್ದು ಮಾತ್ರ ಸಿಗುತ್ತದೆ. ಇದು ನಮಗೆ 2010ರಲ್ಲಿ ಗೊತ್ತಾಯಿತು. ರಫ್ತಾಗುವ ನಮ್ಮ ದ್ರಾಕ್ಷಿಗೆ ಪರೀಕ್ಷೆ ಕಡ್ಡಾಯ, ಅದರ ರಾಷ್ಟ್ರೀಯ ಪ್ರಯೋಗಾಲಯ ಪುಣೆಯ ಮಾಂಜರಿಯಲ್ಲಿರುವ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲೇ ಇದೆ. ಆದರೂ ಆ ವರ್ಷ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಸಿಕ್ಕಿ ಕಂಟೇನರುಗಳು ಅಲ್ಲೇ ನಿಂತುಬಿಟ್ಟವು. ಅದು ಕೀಟ ಕೊಲ್ಲುವ ಔಷಧಿಯಲ್ಲ. ಬಳ್ಳಿಯ ಚಿಗುರು ಮಿತಿಮೀರದಂತೆ ತಡೆಯುವಂಥದ್ದು, ಹೊಡೆಯುವುದು ಹಣ್ಣು ಬರುವುದಕ್ಕೆ ಎಷ್ಟೋ ತಿಂಗಳು ಮೊದಲು. ಆಗಿನ ಪರೀಕ್ಷಾ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ನೀರಿನ ಜೊತೆಯೇ ಉಳಿಯುವ ಸ್ವಭಾವದ್ದಾದ್ದರಿಂದ ಮಾಮೂಲು ವಿಧಾನಕ್ಕೆ ಸಿಗುವುದೂ ಕಷ್ಟ. ಪೆಟ್ಟು ಬಿದ್ದದ್ದು ಬೆಳೆಗಾರರಿಗೆ. ಇಂಥ ರಾಸಾಯನಿಕಗಳಿಗಾಗಿ ಅನಸ್ತಾಸಿಯಾಡೆಸ್ ತಂಡ 'ಕ್ಯುಪ್ಪೆ' ಎಂಬ ಬೇರೆಯೇ ವಿಧಾನವನ್ನು ರೂಪಿಸಿದೆ.

ಕೈಗಾಡಿಯ ದ್ರಾಕ್ಷಿಗೆ ರಫ್ತು ದ್ರಾಕ್ಷಿಯಷ್ಟು ತಪಾಸಣೆಯ ಭಾಗ್ಯವಿಲ್ಲ, ನಿಜ ಹೇಳಬೇಕು. ಮಾರುಕಟ್ಟೆಯಿಂದ ಮಾದರಿ ಎತ್ತಿ ಪರೀಕ್ಷಿಸುವ ಕೇಂದ್ರ ಸರ್ಕಾರದ ಯೋಜನೆ ಇದೆ, ಆದರೆ ಪ್ರತಿ ತೋಟವನ್ನೂ ಅದು ಮುಟ್ಟುವುದಿಲ್ಲ. ಹೆಚ್ಚಿನದೆಲ್ಲ ತೋಟದಲ್ಲೇ ತೀರ್ಮಾನವಾಗುತ್ತದೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕಾದು ಕೊಯ್ಯಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ಬೆಳೆಯುವ ನೆಂಟರಿದ್ದರೆ ಕೇಳಿ ನೋಡಿ. ದರ ಏರಿದಾಗ ಆ ನಾಲ್ಕು ದಿನ ಕಾಯುವುದು ಎಷ್ಟು ಕಷ್ಟ ಎಂದು ಅವರೇ ಹೇಳುತ್ತಾರೆ.

ಹಾಗಾದರೆ ಮನೆಯಲ್ಲಿ ನಾವೇನು ಮಾಡಬಹುದು? 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿಗೆ ಎರಡು ಔಷಧಿ ಹಚ್ಚಿ, ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಕರಗಿಸಿ ಅದರಲ್ಲಿ ತೊಳೆದು ನೋಡಿದರು. 12ರಿಂದ 15 ನಿಮಿಷದಲ್ಲಿ ಸಿಪ್ಪೆಯ ಮೇಲಿನದು ಬಹುಪಾಲು ಹೋಯಿತು, ಬರೀ ನೀರಿಗಿಂತ ಚೆನ್ನಾಗಿ. ಆದರೆ ಒಂದು ಔಷಧಿಯ ಸುಮಾರು ಐದನೇ ಒಂದು ಪಾಲು ಆಗಲೇ ಸಿಪ್ಪೆಯೊಳಗೆ ಇಳಿದಿತ್ತು, ಅದು ಬರಲಿಲ್ಲ. ಸೋಡಾ ಇಲ್ಲದಿದ್ದರೆ ಹರಿಯುವ ನಲ್ಲಿ ನೀರಿನಲ್ಲಿ ಕೈಯಾಡಿಸುತ್ತ ತೊಳೆದರೂ ಮೇಲಿನದು ಸ್ವಲ್ಪ ಇಳಿಯುತ್ತದೆ. ಸಾಬೂನು, ಪಾತ್ರೆ ತೊಳೆಯುವ ದ್ರವ ಬೇಡವೇ ಬೇಡ. ಅದು ಹಣ್ಣಿಗೆ ಅಂಟಿ ಹೊಟ್ಟೆಗೆ ಹೋಗುತ್ತದೆ.

ವಿಡಿಯೋ ನೋಡಿ ಹೆದರಿ ಮಕ್ಕಳ ತಟ್ಟೆಯಿಂದ ಹಣ್ಣನ್ನೇ ತೆಗೆಯಬೇಡಿ. ತಂದ ದಿನವೇ ಗೊಂಚಲನ್ನು ತೊಳೆದು ಫ್ರಿಜ್ಜಿಗೆ ಹಾಕಬೇಡಿ, ಒದ್ದೆಯಿದ್ದರೆ ಬೇಗ ಕೊಳೆಯುತ್ತದೆ. ತಿನ್ನುವಷ್ಟನ್ನು ಬಿಡಿಸಿ ಆಗಲೇ ತೊಳೆದರೆ ಸಾಕು.