ಮಳೆಯಿಲ್ಲದೆ ಸೋರುವ ಮಾಡು

ಪ್ರಶ್ನೆ: ಹೆಂಚು ತೆಗೆಸಿ ತಗಡಿನ ಶೀಟು ಹಾಕಿಸಿದ್ದೇವೆ. ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ, ಡಿಸೆಂಬರ್ ಬೆಳಗಿನಲ್ಲಿ ತೊಟ್ಟಿಕ್ಕುತ್ತಿದೆ! ಶೀಟು ಬದಲಿಸಬೇಕೇ?
– ಓದುಗರು, ಶಂಕರಘಟ್ಟ

ಉತ್ತರ: ಬೇಡ, ದುಡ್ಡು ಉಳಿಸಿ. ಅದು ಸೋರಿಕೆಯಲ್ಲ, ನಿಮ್ಮ ಮನೆಯೊಳಗಿನದೇ ನೀರು. ಮೋಡವಿಲ್ಲದ ರಾತ್ರಿ ತೆಳು ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬಚ್ಚಲ ಹಂಡೆಯ ಹಬೆ, ಅನ್ನದ ಹಬೆ, ಮಲಗಿದವರ ಉಸಿರು ಅದಕ್ಕೆ ತಗುಲಿ ಹನಿಗಟ್ಟುತ್ತವೆ. ಪಕ್ಕದಲ್ಲೇ ಭದ್ರಾ ಜಲಾಶಯ, ಸುತ್ತ ತೋಟ, ಗದ್ದೆ. ಗಾಳಿಯಲ್ಲಿ ತೇವಕ್ಕೇನು ಬರ?

ಹೆಂಚಿನಡಿ ಹೀಗಾಗುವುದು ಅಪರೂಪ. ಸುಟ್ಟ ಮಣ್ಣು ಒಂದಷ್ಟು ತೇವ ಹೀರುತ್ತದೆ, ಸಂದುಗಳಲ್ಲಿ ಹಬೆ ಹೊರಹೋಗುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಶುರುಮಾಡಿದ ಹೆಂಚು ಮಲೆನಾಡಿಗೆ ಒಗ್ಗಿದ್ದು ಸುಮ್ಮನೆ ಅಲ್ಲ. ಆದರೆ ಮಂಗನ ಕಾಟಕ್ಕೆ ವರ್ಷವರ್ಷ ಹೆಂಚು ಕೈಯಾಡಿಸುವವರ ಸಂಕಟವೂ ಸಣ್ಣದಲ್ಲ, ನಿಮ್ಮನ್ನು ದೂರುವುದಿಲ್ಲ.

ಬಚ್ಚಲ ಹಬೆ ಹೊರಹೋಗಲು ದಾರಿ ಮಾಡಿ. ಮಾಡಿನ ನೆತ್ತಿಯಲ್ಲೂ ಸೂರಿನಂಚಿನಲ್ಲೂ ಗಾಳಿಕಿಂಡಿ ಬಿಡಿಸಿ, ಇರಚಲು ಹೊಡೆಯದಂತೆ ಮರೆಯಿರಲಿ. ಮುಂದೆಂದಾದರೂ ಶೀಟು ಬದಲಿಸುವಾಗ ಅಡಿಯಲ್ಲಿ ಫೋಮ್ ಪದರವಿರುವುದನ್ನು ಕೇಳಿ. ಬೇಸಿಗೆಯ ಕಾವಿಗೂ ಆದೀತು.